ಷಡ್ಡಕನ ಲಾರಿಗೆ ದೊಡ್ಡ ಡೈನಮೊ

ನನ್ನ ಷಡ್ಡಕ ತನ್ನ ಲಾರಿಗೆ ಮಾಡಿಸಿಕೊಟ್ಟಷ್ಟು ಸೌಕರ್ಯವನ್ನು ಈ ಲೋಕದಲ್ಲಿ ಯಾವ ಗಂಡನೂ ಹೆಂಡತಿಗೆ ಮಾಡಿಸಿಕೊಟ್ಟಿರಲಾರ. ಈ ಮಾತು ನನ್ನದಲ್ಲ, ನನ್ನ ಹೆಂಡತಿಯದು. ವಾರಕ್ಕೆರಡು ಸಲವಾದರೂ, ನಾನು ಊಟಕ್ಕೆ ಕುಳಿತ ಹೊತ್ತು ನೋಡಿ ಅವಳು ಇದನ್ನು ಹೇಳುತ್ತಾಳೆ.

ಷಡ್ಡಕ ಎಂದರೆ ಅವಳ ತಂಗಿಯ ಗಂಡ. ಇರುವುದು ಹುಮನಾಬಾದಿನಲ್ಲಿ. ಹತ್ತು ಗಾಲಿಯ ಲಾರಿಯೊಂದಕ್ಕೆ ಮಾಲೀಕನೂ ಅವನೇ, ಡ್ರೈವರನೂ ಅವನೇ. ನಾನು ಬಸವಕಲ್ಯಾಣದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ನಮ್ಮಿಬ್ಬರ ಮಾವನ ಮನೆ ನಡುವೆ, ರಾಜೇಶ್ವರದಲ್ಲಿ. ಹಬ್ಬಕ್ಕೆ ನಾನು ಬಸ್ಸಿಳಿದು ಚೀಲ ಹೊತ್ತು ನಡೆದು ಹೋದರೆ ಮಾವನವರು ಕೂತಲ್ಲಿಂದಲೇ "ಬರ್ರಿ ಮಾಸ್ತರ" ಅನ್ನುತ್ತಾರೆ. ಅವನ ಲಾರಿಯ ಹಾರನ್ ಊರಾಚೆ ಕೇಳಿಸಿದರೆ ಸಾಕು, ಎದ್ದು ಚಪ್ಪಲಿ ಹುಡುಕತೊಡಗುತ್ತಾರೆ. ನನ್ನ ಹೊಟ್ಟೆ ಉರಿಯದೆ ಇನ್ನೇನು ಮಾಡೀತು?

ಆ ಲಾರಿಗೆ ಅವನು ಮೊದಲು ಬಣ್ಣದ ದೀಪಗಳ ಸಾಲು ಹಾಕಿಸಿದ. ಆಮೇಲೆ ಎರಡು ಫ್ಯಾನು. ಒಂದು ತನಗೆ, ಇನ್ನೊಂದು ಪಕ್ಕದ ಖಾಲಿ ಸೀಟಿಗೆ. ಆಮೇಲೆ ಹಾಡಿನ ಡಬ್ಬಿಗಳು, ಒಂದು ಪುಟ್ಟ ಟಿವಿ, ನೀರು ತಣ್ಣಗಿಡುವ ಪೆಟ್ಟಿಗೆ. ಕೊನೆಗೆ ಒಂದು ಇನ್ವರ್ಟರ್ ಕೂಡಿಸಿ ಮಿಕ್ಸರ್ ಕೂಡ ಇಟ್ಟ.

"ಲಾರಿದಾಗ ಮಿಕ್ಸರ್ ಯಾಕರಿ?" ಎಂದು ಕೇಳಿದೆ.

"ಹೋಟೆಲ್‌ನ ಚಟ್ನಿ ನನಗ ಸೇರಂಗಿಲ್ಲರಿ ಅಣ್ಣೋರೆ" ಅಂದ.

ನಮ್ಮ ಮನೆಯ ಮಿಕ್ಸರ್ ಕೆಟ್ಟು ಆಗ ನಾಲ್ಕು ತಿಂಗಳಾಗಿತ್ತು. ಹೆಂಡತಿ ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಆದರೆ ದೀಪಾವಳಿಯ ಮರುದಿನ ಬೆಳಗ್ಗೆ ನನಗೂ ಒಂದು ಸುಖದ ಗಳಿಗೆ ಬಂತು. ಮಾವನ ಮನೆಯ ಮುಂದೆ ನಿಂತಿದ್ದ ಲಾರಿ ಚಾಲೂ ಆಗಲಿಲ್ಲ. ಕೀಲಿ ತಿರುವಿದರೆ ಒಳಗೆ ಯಾರೋ ನಾಲಿಗೆ ಲೊಚಗುಟ್ಟಿದಂಥ ಸಣ್ಣ ಸದ್ದು, ಅಷ್ಟೇ. ಅಷ್ಟೆಲ್ಲ ಸಾಮಾನು ಕೂಡಿ ಬ್ಯಾಟರಿಯನ್ನು ಕುಡಿದು ಮುಗಿಸಿದ್ದವು. ಓಣಿಯವರೆಲ್ಲ ಬಂದು ನೂಕಿದರು. ನಾನೂ ಕೈ ಇಟ್ಟಿದ್ದೆ. ಇಟ್ಟಿದ್ದೆ ಅಷ್ಟೆ, ನೂಕಲಿಲ್ಲ.

ಸುಖ ಒಂದು ವಾರವೂ ಬಾಳಲಿಲ್ಲ. ಅವನು ಹುಮನಾಬಾದಿನಲ್ಲಿ ಲಾರಿಗಳ ವೈರಿಂಗ್ ಮಾಡುವ ಒಬ್ಬ ಮುದುಕ ಉಸ್ತಾದರ ಬಳಿ ಹೋದ. ಬೇರೆ ಕೆಲಸಕ್ಕೆ ಆ ಊರಿಗೆ ಹೋಗಿದ್ದ ನಾನು, ಲಾರಿ ಇನ್ನೂ ಕೆಟ್ಟೇ ಇದೆಯೋ ಎಂದು ನೋಡುವ ಆಸೆಗೆ ಅತ್ತ ಹೊರಳಿದೆ. ಉಸ್ತಾದರು ಎಂಜಿನ್ನಿನ ಪಕ್ಕದಲ್ಲಿದ್ದ, ತೆಂಗಿನಕಾಯಿಯಷ್ಟು ದಪ್ಪದ ಡೈನಮೊ ತೋರಿಸಿ ಹೇಳುತ್ತಿದ್ದರು:

"ಎಂಜಿನ್ ತಿರುಗಿದ್ರ ಬೆಲ್ಟ್ ತಿರುಗ್ತದ, ಬೆಲ್ಟ್ ತಿರುಗಿದ್ರ ಇದು ಕರೆಂಟ್ ಹುಟ್ಟಿಸ್ತದ. ಕಂಪನಿಯವರು ಬರೇ ಲೈಟಿಗಿ, ಹಾರನ್ನಿಗಿ ಸಾಕಾಗೋವಷ್ಟೇ ಕೊಟ್ಟಾರ. ಒಬ್ಬಾಕಿ ಬಿಚಾರಿ ರೊಟ್ಟಿ ಬಡಿಯಾಕತ್ಯಾಳ, ನೀ ಮದುವಿ ಬರಾತ್ ಕರಕೊಂಡು ಬಂದು ಊಟಕ್ಕ ಕುಂದರ್ಸಿದಿ."

"ಹಂಗಾದ್ರ ದೊಡ್ಡದು ಹಾಕ್ರಿ ಉಸ್ತಾದ್. ಲಾರಿ ಸುಮ್ಮ ನಿಂತು ಗುರುಗುಟ್ಟುವಾಗೂ ಪೂರಾ ಕರೆಂಟ್ ಕೊಡಬೇಕು."

"ನಿಂತ ಲಾರಿಗಿ ಇಷ್ಟ್ಯಾಕೋ?"

ಅವನು ನಕ್ಕ.

ಎಸಿ ಬಸ್ಸಿನ ಡೈನಮೊ ತರಿಸಿದರು. ಅದು ಹಳೆಯ ಜಾಗದಲ್ಲಿ ಹಿಡಿಸದೆ ಪಟ್ಟಿ ಕತ್ತರಿಸಿ ಹೊಸದಾಗಿ ವೆಲ್ಡಿಂಗ್ ಮಾಡಿದರು, ಹಳೆಯ ವೈರು ಸುಟ್ಟುಹೋದೀತೆಂದು ಬೆರಳು ಗಾತ್ರದ ವೈರು ಎಳೆದರು. ನಾಲ್ಕು ದಿನ ಅವನು ಹೆರಿಗೆ ಆಸ್ಪತ್ರೆಯ ಹೊರಗೆ ಕೂತ ಗಂಡನಂತೆ ಗ್ಯಾರೇಜಿನ ಮುಂದೆ ಕೂತಿದ್ದನಂತೆ. ಐದನೆಯ ದಿನ ಲಾರಿ ನಮ್ಮ ಮನೆಗೇ ಬಂತು. ನನ್ನ ಹೆಂಡತಿ ಆ ಡೈನಮೊಗೆ ಅರಿಷಿಣ ಕುಂಕುಮ ಹಚ್ಚಿದಳು. ನನ್ನ ಸ್ಕೂಟರಿಗೆ ಈ ಮರ್ಯಾದೆ ಯಾವತ್ತೂ ಸಿಕ್ಕಿದ್ದಿಲ್ಲ.

ಮುಂದೆ ಶಾಲೆಯಲ್ಲೂ ಮಾನ ಹೋಯಿತು. ನಮ್ಮ ಮುಖ್ಯೋಪಾಧ್ಯಾಯರ ಬೀಳ್ಕೊಡುಗೆಗೆ ನಾನು ಒಂದು ವಾರ ಕೂತು ಭಾಷಣ ಬರೆದಿದ್ದೆ. ಎರಡು ವಾಕ್ಯ ಓದುವಷ್ಟರಲ್ಲಿ ಕರೆಂಟು ಹೋಯಿತು. ನನ್ನ ಹೆಂಡತಿ ಸಭೆಗೆಂದು ಕಳಿಸಿದ ಸಿಹಿಯ ಡಬ್ಬಿ ಕೊಡಲು ಬಂದಿದ್ದ ಷಡ್ಡಕ ಗೇಟಿನ ಹೊರಗೇ ಇದ್ದ. ಲಾರಿಯಿಂದ ವೈರು ಎಳೆದ, ಮೈಕು ಬಂತು, ಸಭೆ ಚಪ್ಪಾಳೆ ತಟ್ಟಿತು. ಮುಖ್ಯೋಪಾಧ್ಯಾಯರು ಉತ್ತರ ಕೊಡುವಾಗ ಲಾರಿಯನ್ನು ಎರಡು ಸಲ ನೆನೆದರು, ನನ್ನ ಭಾಷಣವನ್ನು ಒಮ್ಮೆಯೂ ಇಲ್ಲ. ಆ ದಿನವೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ, ಸತ್ತರೂ ಇವನ ಲಾರಿ ಹತ್ತಬಾರದು ಎಂದು.

ಹತ್ತಬೇಕಾಯಿತು. ಕಬ್ಬಿನ ಹಂಗಾಮಿನಲ್ಲಿ ಒಂದು ಬೆಳಗ್ಗೆ ತರಬೇತಿಗೆಂದು ಹುಮನಾಬಾದಿಗೆ ಹೊರಟಿದ್ದೆ. ಬಸವಕಲ್ಯಾಣ ದಾಟುವುದರೊಳಗೆ ಸ್ಕೂಟರ್ ನಿಂತಿತು. ಎಷ್ಟು ಒದ್ದರೂ ಚಾಲೂ ಆಗಲಿಲ್ಲ. ಹಿಂದಿನಿಂದ ಬಂದ ಲಾರಿ ಯಾರದಿರಬೇಕು ಹೇಳಿ? ಅವನು ಇಳಿದು ಬಂದ. ಸ್ಕೂಟರನ್ನು ಪರಿಚಯದ ಪಂಕ್ಚರ್ ಅಂಗಡಿಯಲ್ಲಿ ನಿಲ್ಲಿಸಿ ಬಂದು, ಪಕ್ಕದ ಸೀಟಿನ ಧೂಳು ಒರೆಸಿದ.

ರಾಜೇಶ್ವರ ದಾಟಿದ ಮೇಲೆ ಕಬ್ಬಿನ ಟ್ರಾಲಿಯೊಂದು ರಸ್ತೆಗೆ ಅಡ್ಡ ಬಿದ್ದು ಗಾಡಿಗಳ ಸಾಲು ನಿಂತಿತ್ತು. ಪಕ್ಕದ ಹೊಲದಲ್ಲಿ ಕಡಿದ ಕಬ್ಬಿನ ಒಣ ಗರಿಗೆ, ರವದಿಗೆ, ಬೆಂಕಿ ಹಚ್ಚಿದ್ದರು. ಹೊಗೆ ಕ್ಯಾಬಿನ್ನಿನೊಳಗೆ ನುಗ್ಗಿತು. ನನಗೆ ಮೊದಲಿಂದ ದಮ್ಮಿನ ಕಾಯಿಲೆ. ಎದೆ ಬಿಗಿಯಿತು. ಜೇಬು ತಡಕಿದೆ, ಉಸಿರಿಗೆ ಎಳೆದುಕೊಳ್ಳುವ ಪಂಪು ಸ್ಕೂಟರಿನ ಡಿಕ್ಕಿಯಲ್ಲೇ ಉಳಿದಿತ್ತು. ಮುಂದೆ ಹೋಗಲು ದಾರಿಯಿಲ್ಲ, ಹಿಂದೆ ಸರಿಯಲು ಜಾಗವಿಲ್ಲ. ಗಾಳಿ ಒಳಗೆ ಬರಲಿಲ್ಲ. ಕಣ್ಣು ಕತ್ತಲೆಗಟ್ಟಿತು. ನಿಜ ಹೇಳುತ್ತೇನೆ, ನನ್ನ ಕತೆ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಅವನು ಕಿಟಕಿ ಏರಿಸಿ, ಸೀಟಿನ ಹಿಂದಿನಿಂದ ಒಂದು ಡಬ್ಬಿ ತೆಗೆದ. ಒಳಗೆ, ದವಾಖಾನೆಯಲ್ಲಿ ಔಷಧಿಯನ್ನು ಹೊಗೆಯಂತೆ ಮಾಡಿ ಕೊಡುತ್ತಾರಲ್ಲ, ಆ ಯಂತ್ರ. ಔಷಧಿ ಹಾಕಿ, ಇನ್ವರ್ಟರಿಗೆ ಸಿಕ್ಕಿಸಿ, ಅದರ ಮಾಸ್ಕನ್ನು ನನ್ನ ಮುಖಕ್ಕೆ ತಾನೇ ಹಿಡಿದ.

"ಸಾವಕಾಶ ಎಳೀರಿ ಅಣ್ಣೋರೆ. ಗಡಿಬಿಡಿ ಮಾಡಬ್ಯಾಡ್ರಿ. ನಾ ಇದೀನಿ."

ಲಾರಿ ನಿಂತಲ್ಲೇ ಗುರುಗುಟ್ಟುತ್ತಿತ್ತು. ಒಂದೊಂದೇ ಉಸಿರು ನನ್ನದಾಗತೊಡಗಿತು. ಮಾತು ಬಂದ ಮೇಲೆ ಮೊದಲು ಕೇಳಿದ್ದು, "ಯಾರದರಿ ಇದು?"

"ನಿಮ್ದೇ ಅದರಿ. ಹೋದ ವರ್ಷ ತೊಗರಿ ರಾಶಿ ಮಾಡೋವಾಗ ಧೂಳಿಗಿ ನಿಮಗ ದಮ್ಮು ಹತ್ತಿತ್ತಲ್ಲರಿ, ಆವಾಗ ತಂದೆ. ಔಷಧಿ ಯಾವುದು ಅಂತ ಅಕ್ಕನ ಕೇಳಿ ಬರಕೊಂಡೆ. ಹಳೇದಾದ್ರ ಬದಲಿ ಮಾಡ್ತೀನಿ."

"ಮತ್ತ ಆ ಡೈನಮೊ?"

"ಹಳೇ ಡೈನಮೊಕ್ಕ ಇದು ಹಚ್ಚಿ ನೋಡಿದ್ದೆರಿ. ಲಾರಿ ನಿಂದ್ರಿಸಿದ್ರ ನಡುವ ಬಂದ್ ಬೀಳ್ತಿತ್ತು. ನಿಮಗ ಹಂಗ ಆಗಬಾರದಲ್ಲರಿ."

"ಮೊದ್ಲೇ ಯಾಕ ಹೇಳಲಿಲ್ಲರಿ?"

ಅವನು ಮಾಸ್ಕನ್ನು ಒರೆಸಿ ಡಬ್ಬಿಯಲ್ಲಿಡುತ್ತ, ಯಾವ ದೂರೂ ಇಲ್ಲದ ದನಿಯಲ್ಲಿ ಹೇಳಿದ: "ಹೇಳಿದ್ರ ನೀವು ನನ್ನ ಲಾರಿ ಹತ್ತತಿದ್ದಿಲ್ಲರಿ."

ಅಂದರೆ ಎಲ್ಲ ಗೊತ್ತಿತ್ತು. ಇಷ್ಟು ವರ್ಷ ನನ್ನ ಹೊಟ್ಟೆಯಲ್ಲಿ ಉರಿದದ್ದನ್ನೆಲ್ಲ ಅವನು ನೋಡಿಯೇ ಇದ್ದ.

ಟ್ರಾಲಿ ಎತ್ತಿದರು. ಗಾಡಿಗಳು ಮೆಲ್ಲನೆ ಹೊರಟವು. ಅವನ ಕೈ ಗೇರಿನ ಮೇಲಿತ್ತು.

"ತಮ್ಮಾ, ನೀ ಏನರ ತಿಂದೀಯೇನು?" ಅಂದೆ.

ಇಪ್ಪತ್ತು ವರ್ಷ ಅವನಿಗೆ ರೀ ಹಚ್ಚಿಯೇ ಮಾತಾಡಿದ್ದೆ. ಅದು ಗೌರವಕ್ಕಲ್ಲ, ದೂರ ಇಡಲಿಕ್ಕೆ. ಅವನು ಗೇರ್ ಹಾಕದೆ ನನ್ನತ್ತ ತಿರುಗಿದ.

"ಇಲ್ಲ ಅಣ್ಣಾ" ಅಂದ.

ಹಿಂದಿನ ಗಾಡಿಗಳು ಹಾರನ್ ಬಾರಿಸುತ್ತಿದ್ದವು. ನಾನು ಹೆಂಡತಿ ಕಟ್ಟಿಕೊಟ್ಟ ಬುತ್ತಿ ಬಿಚ್ಚಿ, ರೊಟ್ಟಿಯಲ್ಲಿ ಪಲ್ಯ ಸುತ್ತಿ, ಅವನ ಕೈಗೆ ಕೊಟ್ಟೆ.