ಸತ್ತವರಿಗೆ ಪರವಾನಗಿ, ಬದುಕಿದವಳಿಗೆ ಬರಿಗಾಲು

ತಾಲ್ಲೂಕು ಆರೋಗ್ಯ ಕಚೇರಿಯ ಮಾದಕವಸ್ತು ನಿಯಂತ್ರಣ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ತಮಗೂ, ತಮ್ಮ ಸಿಬ್ಬಂದಿಗೂ, ನಮ್ಮ ಹಿತ್ತಲುಗಳ ಮೇಲೆ ಹಗಲೆಲ್ಲ ಹಾರಿ ದಣಿಯುವ ತಮ್ಮ ಡ್ರೋನಿಗೂ ಈ ಬೇಸಿಗೆ ತಂಪಾಗಿರಲಿ ಎಂದು ಹಾರೈಸುತ್ತೇನೆ. ಇದೇ ಜೂನ್ ಹನ್ನೆರಡು, ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ತಮ್ಮ ನಾಲ್ವರು ನೌಕರರು ತೋಲ್ಗೋಲ್ ಹಳ್ಳಿಯ ನನ್ನ ಮನೆಗೆ ಬಂದು, ಹಿತ್ತಲಲ್ಲಿ ಸೋಯಾ ಹುದುಗಿಸುವ ಜಾಡಿಗಳ ಹಿಂದೆ ನಾಲ್ಕು ಚಾಪೆ ಹಾಸುವಷ್ಟು ಜಾಗದಲ್ಲಿ ಎದೆಯೆತ್ತರ ಬೆಳೆದಿದ್ದ ಸೆಣಬನ್ನು ಬೇರುಸಮೇತ ಕಿತ್ತು ನೀಲಿ ಚೀಲಗಳಲ್ಲಿ ತುಂಬಿ ಒಯ್ದರು. ನಾವು ಸೆಣಬು ಎನ್ನುವ ಗಿಡವನ್ನು ತಾವು ಗಾಂಜಾ ಎನ್ನುತ್ತೀರಿ. ಗಿಡ ಒಂದೇ, ಅಲ್ಲಗಳೆಯುವುದಿಲ್ಲ. ನಾವು ಅದರ ಕಾಂಡದಿಂದ ನಾರು ತೆಗೆದು ಬಟ್ಟೆ ನೇಯುತ್ತೇವೆ, ಎಲೆಯನ್ನು ಸುಡುತ್ತೇವೆ. ಸುಡುವಾಗ ತಮ್ಮ ನೌಕರನೊಬ್ಬ ಪಕ್ಕದಲ್ಲೇ ನಿಂತು ನೋಡಿ ಸಹಿ ಹಾಕಬೇಕೆಂಬುದು ನಿಯಮ. ಹಾಗಾಗಿ ಇಷ್ಟು ವರ್ಷಗಳಲ್ಲಿ ನಮ್ಮೂರಿನ ಗಾಂಜಾ ಹೊಗೆಯನ್ನು ಮೂಗಿನ ತುಂಬ ಕುಡಿದವರು ತಮ್ಮ ನೌಕರರು ಮಾತ್ರ ಎಂಬುದನ್ನು ಗೌರವಪೂರ್ವಕವಾಗಿ ದಾಖಲಿಸುತ್ತೇನೆ.

ಆ ಸೆಣಬು ನನಗೇಕೆ ಬೇಕಿತ್ತು ಎಂಬುದನ್ನು ಮೊದಲು ಹೇಳುತ್ತೇನೆ. ನನಗೆ ಎಂಬತ್ತನಾಲ್ಕು ವರ್ಷ. ಹೋಗುವಾಗ ಉಡುವ ಬಟ್ಟೆಯನ್ನು ನಮ್ಮ ಕಡೆಯ ಹೆಂಗಸರು ತಾವೇ ನೇಯ್ದು ಅಧಿಕ ಮಾಸದಲ್ಲಿ ಹೊಲಿದಿಡುತ್ತಾರೆ. ದೇವರುಗಳು ಭೂಮಿಯ ಕಡೆ ಕಣ್ಣು ಹಾಯಿಸದ ತಿಂಗಳು ಅದು, ಸಾವಿನ ಬಟ್ಟೆ ಹೊಲಿದರೂ ಕೇಡಿಲ್ಲ, ಆಯುಷ್ಯವೇ ಹೆಚ್ಚುತ್ತದೆ ಎಂಬುದು ನಂಬಿಕೆ. (ದೇವರೇ ಕಣ್ಣು ಮುಚ್ಚುವ ತಿಂಗಳಲ್ಲೂ ತಮ್ಮ ಡ್ರೋನ್ ಕಣ್ಣು ತೆರೆದಿರುವುದು ಮೆಚ್ಚತಕ್ಕ ವಿಷಯ.) ನನ್ನ ರವಿಕೆ, ಲಂಗ, ಮೇಲಂಗಿ ಎಲ್ಲವೂ ಹಿಂದಿನ ಅಧಿಕ ಮಾಸಗಳಲ್ಲಿ ಹೊಲಿದು ಪೆಟ್ಟಿಗೆ ಸೇರಿವೆ. ಉಳಿದದ್ದು ಕಾಲುಚೀಲ ಮಾತ್ರ. ಈ ವರ್ಷದ ಅಧಿಕ ಮಾಸ ಜುಲೈ ಕೊನೆಗೆ ಬರುತ್ತದೆ, ಮುಂದಿನದು ಮೂರು ವರ್ಷಕ್ಕೆ. ಅಂದರೆ ನಡುವೆ ನನಗೆ ಕರೆ ಬಂದರೆ, ಮಾನ್ಯರೇ, ನಾನು ಬರಿಗಾಲಲ್ಲಿ ಹೊರಡಬೇಕು. ಪಕ್ಕದ ಮನೆಯ ಸಮ್‌ಗೆಯಮ್ಮ ಖಾಲಿ ಪಾತಿಯನ್ನು ನೋಡಿದವಳೇ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಬರಿಗಾಲಲ್ಲಿ ಹೋದ್ರೆ ನಿನ್ ಗಂಡ ಒಳಗೆ ಸೇರಿಸ್ತಾನೇನಕ್ಕಾ? ಬದುಕಿದ್ದಾಗ್ಲೇ ಕಾಲು ತೊಳ್ಕೊಂಡ್ ಬಾ ಅಂತ ಬಾಗ್ಲಲ್ಲಿ ನಿಲ್ಲಿಸ್ತಿದ್ದ."

ಪೇಟೆಯಲ್ಲಿ ಸಿದ್ಧ ಕಾಲುಚೀಲ ಸಿಗುತ್ತದೆ ಎಂದು ತಮ್ಮ ನೌಕರರು ಸಮಾಧಾನ ಹೇಳಿದರು. ಸಿಗುತ್ತದೆ ನಿಜ. ಊಟವೂ ಪೇಟೆಯಲ್ಲಿ ಸಿಗುತ್ತದೆ, ಆದರೂ ತಾವು ಮನೆಗೆ ಹೋಗಿ ಉಣ್ಣುತ್ತೀರಿ.

ಇನ್ನು ನನ್ನ ಅಪರಾಧದ ವಿಚಾರ. ಸೆಣಬು ಬೆಳೆಯುವ ಪರವಾನಗಿ ನನ್ನ ಗಂಡ ಇಮ್ ದುಹ್ಯೊನ್ ಅವರ ಹೆಸರಿನಲ್ಲಿತ್ತು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ನಮ್ಮೂರ ಮುಖ್ಯಸ್ಥ ಮಾ ಗಿಹ್ವಾನ್ ಪ್ರತಿ ವಸಂತದಲ್ಲೂ ಊರಿನ ಎಲ್ಲರ ಅರ್ಜಿಗಳ ಜೊತೆ ಅವರದನ್ನೂ ಕೊಟ್ಟು ಬರುತ್ತಿದ್ದ, ತಾವು ಪ್ರತಿ ವಸಂತದಲ್ಲೂ ಮೊಹರು ಒತ್ತುತ್ತಿದ್ದಿರಿ. ಹೀಗೆ ನನ್ನ ಗಂಡ ಮಣ್ಣಿನಡಿಯಿಂದಲೇ ಮೂರು ಬೆಳೆ ತೆಗೆದರು, ಯಾವ ನಿಯಮವನ್ನೂ ಮುರಿಯಲಿಲ್ಲ. ಈ ವಸಂತದಲ್ಲಿ, ಮೂವತ್ತೊಂದು ವರ್ಷ ಮಕ್ಕಳಿಗೆ ಸುಳ್ಳು ಬರೆಯಬೇಡಿ ಎಂದು ಕಲಿಸಿದ ನನ್ನ ಕೈ ತಡೆಯಿತು. ಅವರ ಹೆಸರು ಹೊಡೆದು, "ತೀರಿಕೊಂಡಿದ್ದಾರೆ, ಬೆಳೆಯುವವಳು ನಾನು" ಎಂದು ಬರೆದು ಸಹಿ ಹಾಕಿದೆ. ಮಾ ಅದನ್ನು ಕಚೇರಿಗೆ ಮುಟ್ಟಿಸಿ ಬಂದವನೇ ಊರ ಧ್ವನಿವರ್ಧಕದಲ್ಲೂ ಸಾರಿದ: "ಆ, ಆ, ಕೇಳಿಸ್ತಿದ್ಯಾ? ಈ ವರ್ಷದಿಂದ ಸೆಣಬು ಮೇಡಮ್ಮೋರ ಹೆಸರಲ್ಲಿ. ತಕರಾರಿದ್ದೋರು ಮಧ್ಯಾಹ್ನದೊಳಗೆ ಹೇಳಿ." ಯಾರೂ ಹೇಳಲಿಲ್ಲ. ಧ್ವನಿವರ್ಧಕದಲ್ಲಿ ಬಂದ ಮೇಲೆ ಆಯಿತು ಎಂದೇ ನಮ್ಮೂರಿನ ಲೆಕ್ಕ. ಗೊಬ್ಬರ ಬಂದದ್ದು, ಯಾರದೋ ಮನೆಯಲ್ಲಿ ಹೆಣ್ಣು ಹುಟ್ಟಿದ್ದು, ನನ್ನ ಗಂಡ ಸತ್ತದ್ದು ಎಲ್ಲವೂ ನಮಗೆ ಅಲ್ಲಿಂದಲೇ ಖಚಿತವಾದದ್ದು. ಅದು ತಮ್ಮ ಕಚೇರಿಯವರೆಗೆ ಕೇಳಿಸುವುದಿಲ್ಲ ಎಂಬುದು ನಮಗೆ ಹೊಳೆಯಲೇ ಇಲ್ಲ. ಇದು ನಮ್ಮ ತಪ್ಪು, ಒಪ್ಪಿದ್ದೇನೆ.

ತಮ್ಮ ನೌಕರ ಪ್ಯೊ ಒಳ್ಳೆಯ ಹುಡುಗ. ಚಪ್ಪಲಿ ಬಿಟ್ಟು ಜಗಲಿ ಹತ್ತಿದ, ಕೊಟ್ಟ ಬಾರ್ಲಿ ನೀರು ಕುಡಿದ, ಕೀಳುವ ಮುಂಚೆ ನನಗೂ ಗಿಡಕ್ಕೂ ಬಗ್ಗಿ ನಮಸ್ಕರಿಸಿದ ಹಾಗಿತ್ತು. ಹೆಸರು ಬದಲಿಸಲು ಹೊಸ ಅರ್ಜಿ ಬೇಕೆಂದೂ, ನಾನು ವ್ಯಸನಿಯಲ್ಲವೆಂದು ವೈದ್ಯರು ಬರೆದುಕೊಡಬೇಕೆಂದೂ, ಅದಾಗುವವರೆಗೆ ಗಿಡ ಮಾದಕವೆಂದೂ ವಿವರಿಸಿದ. ಆಮೇಲೆ ದನಿ ತಗ್ಗಿಸಿ ಹೇಳಿದ: "ಅಜ್ಜಿ, ತಾತನ ಹೆಸರಲ್ಲೇ ಬಿಟ್ಟಿದ್ರೆ ಏನೂ ಆಗ್ತಿರ್ಲಿಲ್ಲ. ನೀವ್ಯಾಕೆ ನಿಜ ಬರೆಯೋಕೆ ಹೋದ್ರಿ?"

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಒಂದು ವಾರ ಕಳೆದೆ, ಮಾನ್ಯರೇ. ಎಂಟನೇ ದಿನ ಈ ಪತ್ರ ಬರೆಯಲು ಕುಳಿತೆ.

ನನ್ನ ನೆನಪು ಉದ್ದವಾದದ್ದು, ಕ್ಷಮಿಸಬೇಕು. ನಾನು ಚಿಕ್ಕವಳಿದ್ದಾಗ ಹೆಚ್ಚು ಸೆಣಬು ಬೆಳೆದ ಮನೆಗೆ ಊರಲ್ಲಿ ಹೊಗಳಿಕೆ ಸಿಗುತ್ತಿತ್ತು. ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ ಕಾನೂನು ಬಂತು, ಬಾವಿಕಟ್ಟೆಯ ಗೋಡೆಗೆ ಭಿತ್ತಿಪತ್ರ ಅಂಟಿತು: ಇದನ್ನು ಸೇದಬಾರದು. ಇದನ್ನು ಸೇದಬಹುದು ಎಂಬ ಸಂಗತಿ ತಲೆತಲಾಂತರದಿಂದ ಅದನ್ನು ಉಟ್ಟು, ಹೊದ್ದು, ಅದರಲ್ಲೇ ಹೂಳಿಸಿಕೊಂಡ ನಮಗೆ ಮೊದಲು ತಿಳಿದದ್ದು ಆ ಭಿತ್ತಿಪತ್ರದಿಂದಲೇ. ಸಮ್‌ಗೆಯಮ್ಮನ ಗಂಡ ಅಂದೇ ಸಂಜೆ ಒಂದೆಲೆ ಸುತ್ತಿ ಪರೀಕ್ಷಿಸಿ, ಕೆಮ್ಮಿ, ಮೂರು ಬಟ್ಟಲು ಅನ್ನ ತಿಂದು ಮಲಗಿ, ಬೆಳಿಗ್ಗೆ ಎದ್ದು ಇದಕ್ಕಿಂತ ಮೂಲಂಗಿ ಸೊಪ್ಪು ವಾಸಿ ಎಂದು ತೀರ್ಪು ಕೊಟ್ಟ. ನಮ್ಮೂರಿನ ಮಾದಕ ಇತಿಹಾಸ ಅಲ್ಲಿಗೆ ಮುಗಿಯಿತು.

ಅಮಲು ಮನೆಗಳನ್ನು ಮುರಿಯುವುದು ನನಗೆ ಗೊತ್ತಿಲ್ಲದ ವಿಷಯವಲ್ಲ. ನನ್ನ ತರಗತಿಯ ಒಬ್ಬ ಹುಡುಗ ಸೋಜು ಕುಡಿದೇ ನಲವತ್ತಕ್ಕೆ ಮುಗಿದ. ಅದೇ ಸೋಜುವನ್ನು ಹಿರಿಯರ ದಿನದಂದು ತಮ್ಮ ಕಚೇರಿಯೇ ಪೆಟ್ಟಿಗೆಗಟ್ಟಲೆ ಕಳಿಸಿತು, ಮೊದಲ ಬಟ್ಟಲನ್ನು ತಾವೇ ಎತ್ತಿ ನಮಗೆಲ್ಲ ದೀರ್ಘಾಯುಷ್ಯ ಕೋರಿದಿರಿ. ನಾನು ಒಂದೇ ಬಟ್ಟಲಿಗೆ ನಿಲ್ಲಿಸಿದೆ. ನಿಲ್ಲಿಸಿದ್ದು ಕಾನೂನಲ್ಲ, ನಾನು. ನನ್ನ ಕೊಟ್ಟಿಗೆಯಲ್ಲಿ ಊರನ್ನೇ ಮಲಗಿಸುವಷ್ಟು ಕೀಟನಾಶಕವಿದೆ, ಔಷಧಿ ಡಬ್ಬಿಯಲ್ಲಿ ತಿಂಗಳಿಗಾಗುವ ನಿದ್ದೆಮಾತ್ರೆಯಿದೆ. ಇವೆಲ್ಲವನ್ನೂ ಈ ಮುದುಕಿ ಎಚ್ಚರದಿಂದ ಬಳಸುತ್ತಾಳೆಂದು ಸರ್ಕಾರ ನಂಬಿದೆ, ಕೃತಜ್ಞಳಾಗಿದ್ದೇನೆ. ಆದರೆ ಎಪ್ಪತ್ತು ವರ್ಷ ಕೈಯಾಡಿಸಿಯೂ ಬಾಯಿಗಿಡದ ಒಂದು ಎಲೆಯ ವಿಷಯದಲ್ಲಿ ಮಾತ್ರ ನಂಬಿಕೆ ಸತ್ತವರಿಗೆ ಮೀಸಲು. ಹೊಣೆಗಾರಿಕೆ ಕೈಗೆ ಕೊಟ್ಟರೆ ಮಾತ್ರ ಬೆಳೆಯುವಂಥದ್ದು, ಮಾನ್ಯರೇ. ಅದನ್ನು ಕಿತ್ತು ನೀಲಿ ಚೀಲದಲ್ಲಿ ತುಂಬಿದ ಮೇಲೆ ಉಳಿಯುವುದು ಖಾಲಿ ಪಾತಿ, ಮತ್ತು ನಿಜ ಬರೆದದ್ದು ತಪ್ಪಾಯಿತೇನೋ ಎಂದು ಕುಳಿತು ಯೋಚಿಸುವ ಒಬ್ಬ ಮೇಡಂ.

ಆದಕಾರಣ ನನ್ನ ವಿನಂತಿಗಳು ಅಲ್ಪ. ಮುಂದಿನ ಅಧಿಕ ಮಾಸದವರೆಗೆ ನಾನು ಸಾಯಕೂಡದೆಂದು ತಮ್ಮ ಸಹಿ ಮೊಹರುಗಳೊಂದಿಗೆ ಆದೇಶ ಹೊರಡಿಸಬೇಕು, ನಾನು ಕಾನೂನು ಪಾಲಿಸುವವಳು, ಪಾಲಿಸುತ್ತೇನೆ. ಅದು ಸಾಧ್ಯವಾಗದಿದ್ದರೆ ಈ ಅಧಿಕ ಮಾಸವನ್ನೇ ನನ್ನ ಅರ್ಜಿ ಇತ್ಯರ್ಥವಾಗುವವರೆಗೆ ಮುಂದೂಡಬೇಕು. ಅದೂ ಆಗದಿದ್ದರೆ ತಾವೇ ನಮ್ಮೂರಿಗೆ ಬಂದು, ಬೆಳಿಗ್ಗೆ ಆರಕ್ಕೆ ಎಲ್ಲರೂ ಮನೆಯಲ್ಲಿರುವ ಹೊತ್ತಿಗೆ, ಧ್ವನಿವರ್ಧಕದಲ್ಲಿ ಒಂದೇ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು: ಸತ್ತ ಗಂಡನನ್ನು ನಂಬಿದ ಕಚೇರಿ ಬದುಕಿರುವ ಹೆಂಡತಿಯನ್ನು ಏಕೆ ನಂಬಲಿಲ್ಲ?

ಇನ್ನೂ ಉಸಿರಾಡುತ್ತಿರುವುದಕ್ಕೆ ಕ್ಷಮೆ ಕೋರುವ,
ತಮ್ಮ ವಿಶ್ವಾಸಿ,
ನಾಮ್ ಜೊಂಗ್‌ಹಿ
ನಿವೃತ್ತ ಶಿಕ್ಷಕಿ, ತೋಲ್ಗೋಲ್

ಮರೆತ ಮಾತು: ಈ ಪತ್ರವನ್ನು ಲಕೋಟೆಗೆ ಹಾಕುವಷ್ಟರಲ್ಲಿ ತಮ್ಮ ಕಚೇರಿಯಿಂದಲೇ ಒಂದು ಲಕೋಟೆ ಬಂತು, ನನ್ನ ಗಂಡನ ಹೆಸರಿಗೆ. ಪರವಾನಗಿ ಪಡೆದ ಬೆಳೆಗಾರರ ತರಬೇತಿಗೆ ಜುಲೈ ಮೂರರಂದು ಹತ್ತು ಗಂಟೆಗೆ ಖುದ್ದಾಗಿ ಹಾಜರಾಗಬೇಕಂತೆ, ತಪ್ಪಿದರೆ ಕ್ರಮ ಕೈಗೊಳ್ಳುತ್ತೀರಂತೆ. ಗುಡ್ಡದ ಮೇಲೆ ಚೆಸ್ಟ್‌ನಟ್ ಮರದ ಕೆಳಗಿನ ಎರಡನೇ ಸಮಾಧಿ ದಿಬ್ಬಕ್ಕೆ ಹೋಗಿ ಓದಿ ಹೇಳಿ ಬಂದಿದ್ದೇನೆ. ಅವರು ಶಿಸ್ತಿನ ಮನುಷ್ಯ, ಬಾರದೆ ಇರುವವರಲ್ಲ. ಆದರೆ ಅವರ ಬಳಿ ಇರುವುದು ಒಂದೇ ಜೊತೆ ಬಟ್ಟೆ, ಅದು ನಾನು ನೇಯ್ದ ಸೆಣಬಿನದು. ಅದನ್ನುಟ್ಟು ತಮ್ಮ ಕಚೇರಿಯೊಳಗೆ ಬರಬಹುದೇ ಎಂಬುದನ್ನೂ ದಯವಿಟ್ಟು ಧ್ವನಿವರ್ಧಕದಲ್ಲೇ ತಿಳಿಸಬೇಕು.