ಮಣ್ಣಿನ ಗೋಡೆಗೆ ಎಷ್ಟು ಏಟು

ಸಿಮೆಂಟು, ಚಾವಣಿ ಶೀಟು ಮಾರುವ ನನ್ನಂಥವನು ಭಾನುವಾರ ಸುಮ್ಮನೆ ಮಲಗುವುದು ಬಿಟ್ಟು ಆಟಕ್ಕೆ ಕೂತರೆ ಇಂಥವು ಆಗುತ್ತಲೇ ಇರುತ್ತವೆ. ತೊಂಬತ್ತರ ದಶಕದ ಕೊನೆ. ಮೈಸೂರಿನಲ್ಲಿ ಓದುತ್ತಿದ್ದ ನನ್ನ ಭಾಮೈದ ಹುಣಸೂರಿಗೆ ಒಂದು ಆಟ ತಂದ. ಒಬ್ಬ ಕಥೆ ಹೇಳುತ್ತ ರಾಕ್ಷಸರನ್ನು ಬಿಡಬೇಕು, ಮಿಕ್ಕವರು ಕಥೆಯೊಳಗಿನ ವೀರರೋ ಕಳ್ಳರೋ ಆಗಿ ಏನು ಮಾಡುತ್ತೇವೆ ಅನ್ನಬೇಕು, ಆಯಿತೋ ಇಲ್ಲವೋ ದಾಳ ಹೇಳುತ್ತದೆ. ಮನುಷ್ಯನಿಗೂ ಗೋಡೆಗೂ ಬಾಗಿಲಿಗೂ ಇಷ್ಟು ಏಟು ತಡೆಯುತ್ತದೆ ಅಂತ ಒಂದೊಂದು ಅಂಕಿ. ಅವನ ಪುಸ್ತಕದಲ್ಲಿದ್ದದ್ದು ಬರೀ ಪರದೇಶದ ಕೋಟೆ. ನಮ್ಮ ಕಡೆಯ ಮನೆಗಳಿಗೆ ನಾವೇ ಅಂಕಿ ಕಟ್ಟೋಣ ಅಂತ ಕೂತೆವು. ನಾನು, ಭಾಮೈದ, ಸಾಮಿಲ್ ನಡೆಸುವ ಗೆಳೆಯ, ಗಾವಡಗೆರೆ ಕಡೆಯ ಒಬ್ಬ ಮೇಷ್ಟ್ರು.

ಮೇಷ್ಟ್ರಿಗೆ ಆಟಕ್ಕಿಂತ ದೊಡ್ಡ ಚಿಂತೆ ಇತ್ತು. ಕೆ.ಆರ್. ನಗರದ ಕಡೆ ಹೆಣ್ಣು ನೋಡಿ ಬಂದಿದ್ದರು, ಹುಡುಗಿ ಬಹಳ ಹಿಡಿಸಿದ್ದಳು. ಹೆಣ್ಣಿನವರು ಮನೆ ನೋಡಲು ಬರುವುದು ಬಾಕಿ. ಅವರದು ನೀರಾವರಿ ಊರು, ಆರ್‌ಸಿಸಿ ಮನೆ. ಮೇಷ್ಟ್ರದು ಮಣ್ಣಿನ ಗೋಡೆ.

೧. ಗೋಡೆ

"ಮಣ್ಣಿನ ಗೋಡೆಗೆ ಮೂರು ಏಟು ಸಾಕು" ಎಂದೆ. ಸಿಮೆಂಟು ಮಾರುವವನು ಬೇರೇನು ಹೇಳಲಿ.

ಮೇಷ್ಟ್ರು ಕೆರಳಿದರು. "ಯಾವ ಮಣ್ಣು ಕಣ್ರೀ? ನಮ್ಮಪ್ಪ ಎತ್ತು ಕಟ್ಟಿ ತುಳಿಸಿದ ಮಣ್ಣು ಅದು. ಹತ್ತು ಹಾಕಿ."

"ಮಳೆಗಾಲದಲ್ಲೂ ಹತ್ತೇನಾ?"

"ಮಳೆಗಾಲದಲ್ಲಿ ರಾಕ್ಷಸನೂ ನೆಂದಿರ್ತಾನೆ. ಅವನ ಏಟೂ ಮೆತ್ತಗಿರ್ತದೆ."

ಹತ್ತು ಹಾಕಿದೆವು. ಆಟ ಶುರುವಾದರೆ ಸಾಮಿಲ್‌ನವನ ಕಳ್ಳ ಗೋಡೆ ಮುಟ್ಟಲೇ ಇಲ್ಲ, ಹೆಂಚು ಸರಿಸಿ ಒಳಗಿಳಿದ. ಹೆಂಚಿಗೆ ಅಂಕಿ ಇಡುವುದನ್ನೇ ಮರೆತಿದ್ದೆವು. ಒಂದು ಇಡೋಣ ಎಂದ ಭಾಮೈದ.

"ಒಂದು ಜಾಸ್ತಿ ಆಯ್ತಪ್ಪ" ಎಂದರು ಮೇಷ್ಟ್ರು. "ನಮ್ಮನೇಲಿ ಕೋತಿ ದಾಳ ಹಾಕ್ದೇನೇ ತೆಗೀತದೆ."

೨. ಬಾಗಿಲು

ತೇಗದ ಬಾಗಿಲಿಗೆ ಸಾಮಿಲ್‌ನವ ನೂರು ಏಟು ಕೊಟ್ಟ. ಕಡಿಮೆ ಮಾಡಿದರೆ ಎದ್ದು ಹೋಗುತ್ತೇನೆ ಎಂದ. ರಾಕ್ಷಸ ಬಂದು ಗುದ್ದಿದ. ಮೇಷ್ಟ್ರ ವೀರ ಒಳಗಿನಿಂದ ಅಗುಳಿ ಹಿಡಿದು ನಿಂತ. ಮಧ್ಯಾಹ್ನವೆಲ್ಲ ಗುದ್ದಿದರೂ ಬಾಗಿಲು ಜಪ್ಪಯ್ಯ ಅನ್ನಲಿಲ್ಲ.

ಭಾಮೈದನಿಗೆ ತಡವಾಗಿ ಹೊಳೆಯಿತು. "ಭಾವ, ಚೌಕಟ್ಟು ಕೂತಿರೋದು ಮಣ್ಣಿನ ಗೋಡೇಲಿ ಅಲ್ವಾ?"

ಲೆಕ್ಕ ಹಾಕಿದರೆ ಗೋಡೆ ಹತ್ತನೇ ಏಟಿಗೇ ಬಿದ್ದುಹೋಗಿತ್ತು. ಬಯಲಿನಲ್ಲಿ ಬಾಗಿಲು ಒಂದೇ ನಿಂತಿದೆ, ಮೇಷ್ಟ್ರ ವೀರ ಇನ್ನೂ ಅಗುಳಿ ಹಿಡಿದೇ ಇದ್ದಾನೆ. ರಾಕ್ಷಸ ಪಕ್ಕದಿಂದ ಸುತ್ತಿಕೊಂಡು ಬಂದ. ಆಟವಾದರೂ ತಮ್ಮ ಗೋಡೆ ಬಿದ್ದದ್ದು ಮೇಷ್ಟ್ರಿಗೆ ಅಪಶಕುನ ಅನಿಸಿ ಮುಖ ಸಣ್ಣಗಾಯಿತು.

ಸಾಮಿಲ್‌ನವ ಮಾತ್ರ ಭಾಮೈದನನ್ನು ಕೇಳಿದ, "ಬಾಗ್ಲಿಗೆ ಏನಾದ್ರೂ ಆಯ್ತೇನ್ಲಾ? ಮಿಕ್ಕಿದ್ದು ನನ್ ಜವಾಬ್ದಾರಿ ಅಲ್ಲ ಬುಡು."

೩. ಶೀಟು

ಕಟ್ಟೆಮಳಲವಾಡಿಯ ಒಬ್ಬರು ಕೊಟ್ಟಿಗೆಗೆ ಶೀಟು ಕೊಳ್ಳಲು ಅಂಗಡಿಗೆ ಬಂದರು. "ತಡೀತದಾ ಸ್ವಾಮಿ?"

ತಲೆಯಲ್ಲಿ ಆಟವೇ ತುಂಬಿತ್ತು. "ನಾಲ್ಕು ಏಟು ತಡೀತದೆ" ಅಂದುಬಿಟ್ಟೆ.

"ಕೊಟ್ಗೆ ಮ್ಯಾಲೆ ತೆಂಗಿನ ಮರ ಅದೆ. ಕಾಯಿ ಬಿದ್ರೆ?"

"ಒಂದು ಕಾಯಿಗೆ ಒಂದು ಏಟು."

"ಗೊನೇನೇ ಬಿದ್ರೆ?"

"ಗೊನೆಗೆ ದಾಳ ಹಾಕ್ಬೇಕು."

ಆತ ಶೀಟಿನ ಮೇಲಿಂದ ಕೈ ತೆಗೆದರು. "ಆಕ್ತಾ ಇರಿ, ಬತ್ತೀನಿ" ಎಂದು ಎದುರಿನ ಅಂಗಡಿಗೆ ಹೋದರು.

೪. ಮನೆ ನೋಡಲು ಬಂದವರು

ಕೊನೆಗೂ ಹೆಣ್ಣಿನವರು, ಹುಡುಗಿಯ ಅಜ್ಜಿಯೂ ಸೇರಿ, ಮೇಷ್ಟ್ರ ಮನೆಗೆ ಬಂದರು. ಸಂಬಂಧ ಒಪ್ಪುವ ತನಕ ಅವರು ಗಂಡಿನ ಮನೆಯಲ್ಲಿ ಉಣ್ಣುವುದಿಲ್ಲ. ಎಲೆ ಹಾಕಿಸಿ ಅಂದರೆ ಹೂಂ ಅಂದ ಹಾಗೆ. ಮೇಷ್ಟ್ರ ತಾಯಿ ಒಳಗೆ ಅಡುಗೆ ಮುಗಿಸಿ ಬಾಗಿಲ ಬಳಿ ಬಂದು ನಿಂತಿದ್ದರು. ಧೈರ್ಯಕ್ಕಿರಲಿ ಅಂತ ಮೇಷ್ಟ್ರು ನನ್ನನ್ನೂ ಭಾಮೈದನನ್ನೂ ಕರೆಸಿಕೊಂಡಿದ್ದರು.

ಹುಡುಗಿಯ ತಂದೆ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ನೋಡಿದರು. "ಮಣ್ಣಿಂದಾ?"

ಮೇಷ್ಟ್ರು ಗಡಿಬಿಡಿಯಲ್ಲಿ "ಹತ್ತು ಏಟು ತಡೀತದೆ" ಎಂದರು.

"ಏಟಾ? ಈ ಮನೇಲಿ ಯಾರು ಒಡ್ಯೋರು?"

"ರಾಕ್ಷಸ."

ಹೆಣ್ಣಿನವರೆಲ್ಲ ಒಟ್ಟಿಗೆ ಮೇಷ್ಟ್ರ ತಾಯಿಯ ಕಡೆ ತಿರುಗಿ ನೋಡಿದರು.

ನಾನು ಮಧ್ಯೆ ಬಾಯಿ ಹಾಕಿದೆ. "ಅದೊಂದು ಆಟ ಕಣ್ರೀ. ನಾವೆಲ್ಲ ಭಾನುವಾರ ಸೇರಿ ದಾಳ ಹಾಕಿ..."

"ಜೂಜು ಬ್ಯಾರೆ ಅದಾ?" ಎಂದು ಹುಡುಗಿಯ ತಂದೆ ಚಪ್ಪಲಿ ಹುಡುಕತೊಡಗಿದರು. ಇದ್ದದ್ದನ್ನೂ ನಾನೇ ಕೆಡಿಸಿದೆ ಅನಿಸಿತು.

ಅಷ್ಟರಲ್ಲಿ ಭಾಮೈದ ಹುಡುಗಿಯ ಅಜ್ಜಿಯ ಮುಂದೆ ಕೂತು, ದುಡ್ಡಿನ ಆಟ ಅಲ್ಲ ಅಂತ ಶುರುಮಾಡಿ, ರಾಕ್ಷಸ, ಕಳ್ಳ, ವೀರ, ಗೋಡೆ-ಬಾಗಿಲಿನ ಏಟಿನ ಅಂಕಿ ಎಲ್ಲ ಬಿಡಿಸಿ ಹೇಳಿದ. ಅಜ್ಜಿ ಪೂರ್ತಿ ಕೇಳಿಸಿಕೊಂಡರು. ಹುಡುಗಿಯ ತಂದೆ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ನಿಂತಿದ್ದರು.

"ಗ್ವಾಡೆಗೆ ಅತ್ತು, ಸರಿ" ಎಂದರು ಅಜ್ಜಿ. "ನಮ್ ಉಡ್ಗಿ ಕಟ್ಕಳ್ಳೋದು ಗ್ವಾಡೇನಲ್ಲ. ಗಂಡಿಗೆ ಎಷ್ಟು ಮಡಗಿದೀರಿ?"

ಭಾಮೈದನಿಗೆ ಸುಳ್ಳು ಹೇಳಿ ಗೊತ್ತಿಲ್ಲ. "ಮೂರು, ಅಜ್ಜಿ."

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಅಜ್ಜಿ ಮಗನ ಕಡೆ ತಿರುಗಿದರು.

"ಮೂರು ಸಾಕು ಬುಡ್ಲಾ. ನಮ್ ಉಡ್ಗಿ ಎಷ್ಟೇ ಕ್ವಾಪ ಬಂದ್ರೂ ಎಲ್ಡು ಏಟಿನ ಮ್ಯಾಕೆ ಒಡ್ಯಾಕಿಲ್ಲ. ಎಲೆ ಆಕ್ಸಿ."