ಹೊಳೆ ಕುಡಿದ ಎಮೆಟ್

ಎಮೆಟ್ ಗೊಟ್ರೋನ ಗ್ರಹಚಾರ ಕೆಟ್ಟದ್ದು ಒಂದು ಲೋಟ ನೀರಿನಿಂದ. ನ್ಯೂ ಆರ್ಲಿಯನ್ಸಿನ ಜಲೋದ್ಯಮ ಮೇಳದಲ್ಲಿ ಅವನು ಕಂಪನಿಯ ಹೊಸ ಯಂತ್ರ ಇಟ್ಟುಕೊಂಡು ನಿಂತಿದ್ದ. ಒಂದು ತುದಿಗೆ ಮಿಸಿಸಿಪ್ಪಿ ಹೊಳೆಯ ಕೆಸರುನೀರು ಸುರಿದರೆ ಇನ್ನೊಂದು ತುದಿಯ ತೊಟ್ಟಿಗೆ ತಿಳಿನೀರು ಇಳಿಯುತ್ತಿತ್ತು. ಈ ಸಲವೂ ಒಂದು ಯಂತ್ರ ಮಾರದಿದ್ದರೆ ಕೆಲಸದ ಆಸೆ ಬಿಡು ಎಂದು ಧಣಿ ಹೇಳಿಯೇ ಕಳಿಸಿದ್ದ.

ಮೊದಲು ಬಂದ ದಪ್ಪ ಮೀಸೆಯವನು ಲೋಟ ಮೂಸಿ ನೋಡಿ, "ಮೊದ್ಲು ನೀವು ಕುಡೀರಿ," ಅಂದ. ಎಮೆಟ್ ಗಟಗಟ ಕುಡಿದ.

"ಊಟ ಮುಗಿಸಿ ಬರ್ತೀನಿ. ಬದುಕಿದ್ರೆ ಮಾತಾಡೋಣ," ಎಂದು ಮೀಸೆಯವನು ಹೊರಟೇಹೋದ.

ಎರಡನೆಯವನೂ ಅದನ್ನೇ ಅಂದ, ಮೂರನೆಯವಳೂ ಅದನ್ನೇ ಅಂದಳು. ಪಕ್ಕದ ಮಳಿಗೆಯಲ್ಲಿ ಪಂಪು ಮಾರುವ ವಿಲ್ಮಾಗೆ ಇದು ಪುಕ್ಕಟೆ ನಾಟಕ. "ಬನ್ರೋ, ಇಲ್ಲೊಬ್ಬ ಹೊಳೇನೇ ಕುಡೀತಿದಾನೆ!" ಎಂದು ದಾರಿಹೋಕರನ್ನೆಲ್ಲ ಕೂಗಿದಳು. ಜನ ಮುತ್ತಿದರು, ಫೋನು ಎತ್ತಿ ಹಿಡಿದರು. ಯಂತ್ರದ ಕಡೆ ಒಬ್ಬನೂ ತಿರುಗಿ ನೋಡಲಿಲ್ಲ.

"ಏನ್ರೀ, ನಾನೇನು ಸರ್ಕಸ್ಸಿನ ಒಂಟೇನಾ?" ಎಮೆಟ್ ಸಿಡಿದ.

"ಕೋಪಕ್ಕೆ ನೀರೇ ಮದ್ದು. ಇನ್ನೊಂದು ಲೋಟ ಇಳಿಸಪ್ಪಾ!" ಎಂದಳು ವಿಲ್ಮಾ.

ಮಧ್ಯಾಹ್ನಕ್ಕೆ ಅವನ ಹೊಟ್ಟೆ ಕೋಡಿ ಬೀಳಲು ಕಾದ ಕೆರೆಯಂತಾಗಿತ್ತು. "ವಿಲ್ಮಕ್ಕಾ, ಮಳಿಗೆ ನೋಡ್ಕೊಳ್ಳಿ!" ಎಂದವನೇ ಶೌಚಾಲಯಕ್ಕೆ ಓಡಿದ.

ಮರಳಿ ಬಂದಾಗ ನದಿಯಾಚೆಯ ಊರಿನ ನೀರು ಸರಬರಾಜು ಮುಖ್ಯಸ್ಥೆ ಓಡೆಟ್ ಮೇಡಂ ಲೋಟ ಹಿಡಿದು ನಿಂತಿದ್ದರು. ಎಮೆಟ್‌ಗೆ ರೇಗಿಹೋಯಿತು. "ನೀವೇ ಕುಡೀರಿ ಅಂತ ಮಾತ್ರ ಹೇಳ್ಬೇಡಿ ತಾಯಿ! ನಂಬಿಕೆ ಇದ್ರೆ ಕುಡೀರಿ, ಇಲ್ದಿದ್ರೆ ಮುಂದಕ್ಕೆ ಹೋಗಿ!"

ಮೇಡಂ ನಕ್ಕರು. "ಆಗ್ಲೇ ಎರಡು ಲೋಟ ಕುಡ್ದೆ ಕಣಯ್ಯ. ಎಂಥ ರುಚಿ! ನಮ್ಮೂರಿಗೆ ಇದೇ ಯಂತ್ರ ಬೇಕು."

ಎಮೆಟ್‌ಗೆ ಕಣ್ಣಲ್ಲಿ ನೀರು ಬಂತು. ಕುಡಿದ ನೀರಿಗೆ ಅಲ್ಲೊಂದೇ ಜಾಗ ಉಳಿದಿತ್ತೇನೋ.

"ರುಚಿ ಇಲ್ದೆ ಏನು?" ವಿಲ್ಮಾ ಹೆಮ್ಮೆಯಿಂದ ಬೀಗಿದಳು. "ಇವ್ನು ಕುಡ್ದೂ ಕುಡ್ದೂ ತೊಟ್ಟಿ ಬರಿದು ಮಾಡಿದ್ದ. ಪಾಪ ಅಂತ ನಾನೇ ಎದುರು ಮಳಿಗೆಯವ್ರ ನೀರು ಸೋಸೋ ಯಂತ್ರದಿಂದ ಹಿಡ್ಕೊಂಡು ಬಂದು ತುಂಬಿಸ್ದೆ!"

"ಎದುರು ಮಳಿಗೆ ಅಂದ್ರೆ ಯಾವ್ದಮ್ಮ?" ಮೇಡಂ ಆಗಲೇ ಆ ಕಡೆ ತಿರುಗಿದ್ದರು.

"ಬನ್ನಿ, ನಾನೇ ತೋರಿಸ್ತೀನಿ." ವಿಲ್ಮಾ ಅವರ ಕೈಹಿಡಿದು ನಡೆದವಳು ತಿರುಗಿ ಕೂಗಿದಳು: "ಎಮೆಟ್, ನನ್ನ ಪಂಪಿನ ಮೇಲೊಂದು ಕಣ್ಣಿಟ್ಟಿರಪ್ಪ, ಈಗ ಬಂದೆ!"